ಉಕ್ಕಿನ ಸೈಕಲ್ಲೂ ನಮ್ಮ ಕಾಲಿನ ಅಳತೆಯೂ

ಕಳೆದ ತಿಂಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬನಿಂದ ಮಿಂಚಂಚೆ ಬಂದಿತು. 1992ರ ಎಸ್ಸೆಸ್ಸೆಲ್ಸಿ ತಂಡದವನು. ಹೆಸರು ಹೇಳುವುದಿಲ್ಲ, ಆ ತಂಡದವರು ಊಹಿಸಿಕೊಳ್ಳಬಲ್ಲಿರಿ. ಐವತ್ತು ತುಂಬುವ ನೆಪದಲ್ಲಿ ತನ್ನದೇ ಅಳತೆಗೆ ಉಕ್ಕಿನ ರೋಡ್ ಸೈಕಲ್ಲೊಂದನ್ನು ಅಲ್ಲಿಯ ಕುಶಲಕರ್ಮಿಯೊಬ್ಬರಿಂದ ಮಾಡಿಸಿಕೊಳ್ಳುತ್ತಿದ್ದಾನೆ. ಚೌಕಟ್ಟಿನ ನಕ್ಷೆ, ಬಿಡಿಭಾಗಗಳ ಪಟ್ಟಿ ಎರಡನ್ನೂ ಲಗತ್ತಿಸಿ, "ಸರ್, ನಿಮ್ಮ ಹಳೆಯ ಕೆಂಪು ಶಾಯಿಯಲ್ಲಿ ತಿದ್ದಿಕೊಡಿ" ಎಂದು ಬರೆದಿದ್ದಾನೆ. ಪತ್ರದ ಕೊನೆಯಲ್ಲಿ ಒಂದು ಸಾಲು: ಈಗಿರುವ ಸೈಕಲ್ಲಿನಲ್ಲಿ ಗಂಟೆ ಕಳೆದರೆ ಮಂಡಿ ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ವಯಸ್ಸಾಯಿತು ಸರ್.

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಕಾರಣ ಹೇಳುತ್ತೇನೆ.

1986ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮನೆಯಿಂದ ಶಾಲೆಗೆ ಹನ್ನೊಂದು ಕಿಲೋಮೀಟರ್. ನಮ್ಮ ತಂದೆಯವರ 24 ಇಂಚಿನ ಸೈಕಲ್ಲು ನನ್ನ ಪಾಲಿಗೆ ಬಂದಿತ್ತು. ತಂದೆಯವರು ಆರಡಿಯ ಆಳು, ನಾನು ಐದಡಿ ನಾಲ್ಕಂಗುಲ. ಬಾಲ್ಯದಲ್ಲಿ ಅದೇ ಸೈಕಲ್ಲನ್ನು ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ತುಳಿದವನು. ದೊಡ್ಡವನಾದ ಮೇಲೆ ಸೀಟಿನ ಮೇಲೆ ಕುಳಿತೆನೆಂಬುದನ್ನು ಬಿಟ್ಟರೆ ಪರಿಸ್ಥಿತಿ ಹೆಚ್ಚೇನೂ ಸುಧಾರಿಸಲಿಲ್ಲ. ಸೀಟನ್ನು ಪೂರ್ತಿ ಇಳಿಸಿದರೂ ಪೆಡಲು ಕೆಳಗೆ ಹೋದಾಗ ಸೊಂಟ ಆ ಕಡೆ ಈ ಕಡೆ ಹೊರಳಬೇಕಿತ್ತು. ಹದಿನಾಲ್ಕು ವರ್ಷ ಹಾಗೆ ತುಳಿದೆ. ಸೊಂಟನೋವು ಬಂತು, ನಲವತ್ತಕ್ಕೆ ಸೈಕಲ್ಲು ಬಿಟ್ಟು ಬಸ್ಸು ಹಿಡಿದೆ. ನನ್ನ ದೇಹವೇ ಸೈಕಲ್ಲಿಗೆ ತಕ್ಕುದಲ್ಲವೆಂದು ನಂಬಿ ಇನ್ನೆರಡು ದಶಕ ಕಳೆದವು.

2018ರಲ್ಲಿ ಇದೇ ಶಿಷ್ಯನ ಮನೆಯಲ್ಲಿ ಆರು ವಾರವಿದ್ದಾಗ ಅವನೊಡನೆ ಚೌಕಟ್ಟು ಬೆಸೆಯುವವರ ಕಾರ್ಖಾನೆಯೊಂದನ್ನು ನೋಡಿ ಬಂದೆ. ಅಲ್ಲಿಯವರು ಮೊದಲು ಅಳೆಯುವುದು ಒಳಗಾಲಿನ ಉದ್ದವನ್ನು: ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಸೀಟಿನಂತೆ ಮೇಲಕ್ಕೊತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಿಂದ ಪ್ರಸಿದ್ಧವಾದ ಸೂತ್ರವಿದು. ಆರಂಭಕ್ಕಷ್ಟೇ ಸಾಕು, ಆಮೇಲೆ ಮಂಡಿ ಎಷ್ಟು ಬಾಗುತ್ತದೆಂದು ನೋಡಿ ತಿದ್ದಬೇಕು. ನನ್ನ ಅಳತೆ 76 ಸೆಂಟಿಮೀಟರ್. ಗುಣಿಸಿದರೆ 67. ತಂದೆಯವರ ಸೈಕಲ್ಲಿನ ಸೀಟುಕೊಳವೆಯೇ 61, ಅದರ ಮೇಲೆ ಸ್ಪ್ರಿಂಗಿನ ಸೀಟಿಗೆ ಕನಿಷ್ಠ 11. ಅಂದರೆ 72. ಐದು ಸೆಂಟಿಮೀಟರ್ ಹೆಚ್ಚು! ಗಣಿತದ ಮೇಷ್ಟರಿಗೆ ಈ ಕೂಡುವ ಲೆಕ್ಕ ಮಾಡಲು ಅರವತ್ತು ವರ್ಷ ಸಮೀಪಿಸಬೇಕಾಯಿತು.

ಆದ್ದರಿಂದ ಶಿಷ್ಯನ ಕಾಗದ ತೆರೆದಾಗ ನಾನು ಬಿಡಿಭಾಗಗಳ ಪಟ್ಟಿಯನ್ನು ಬದಿಗಿಟ್ಟು ನಕ್ಷೆಯನ್ನೇ ಮೊದಲು ನೋಡಿದೆ. ಅವನು ಮಾಡಿದ್ದು ತಿರುಗುಮುರುಗು. ಪಟ್ಟಿ ಮೂರು ಪುಟ, ನಕ್ಷೆಯ ಬಗ್ಗೆ ಎರಡೇ ಸಾಲು. ಇಪ್ಪತ್ತರ ಹರೆಯದ ಪಂದ್ಯಗಾರನಿಗೆ ಒಪ್ಪುವಂತೆ ಹ್ಯಾಂಡಲನ್ನು ಸೀಟಿಗಿಂತ ಒಂಬತ್ತು ಸೆಂಟಿಮೀಟರ್ ಕೆಳಗಿಟ್ಟು, ಸಾಕಷ್ಟು ಮುಂದಕ್ಕೂ ಎಳೆದಿದ್ದ. ಬಗ್ಗಿ ಕಾಲ್ಬೆರಳು ಮುಟ್ಟಲಾರೆನೆಂದು ಅದೇ ಪತ್ರದಲ್ಲಿ ಬರೆದವನು ಇವನೇ! ಮೈಭಾರ ಅಂಗೈಯ ಮೇಲೆ ಬಿದ್ದರೆ ಬೆರಳು ಜೋಮು ಹಿಡಿಯದೆ ಇನ್ನೇನಾದೀತು? ಅಂಗಡಿಯ ಸೈಕಲ್ಲಾದರೆ ಚಿಕ್ಕ ಸ್ಟೆಮ್ಮು ಹಾಕಿ, ಬಿಲ್ಲೆಗಳನ್ನೇರಿಸಿ ಹೇಗೋ ಸರಿದೂಗಿಸಬಹುದು. ಮಾಡಿಸುವ ಸೈಕಲ್ಲಿಗೆ ಆ ತೇಪೆ ಏಕೆ? ಅಲ್ಲಿ ಕ್ರಮವೇ ಬೇರೆ. ಸೀಟು, ಹ್ಯಾಂಡಲ್, ಪೆಡಲು, ದೇಹ ಮುಟ್ಟುವ ಈ ಮೂರು ಜಾಗಗಳನ್ನು ಮೊದಲು ನಿಗದಿ ಮಾಡಿ, ಹಿಂದಕ್ಕೆ ಲೆಕ್ಕ ಹಾಕುತ್ತಾ ಕೊಳವೆಗಳ ಉದ್ದಕ್ಕೆ ಬರಬೇಕು. ಮುಂದಿನ ಕೊಳವೆಯನ್ನು ಎತ್ತರಿಸಿ, ಸುಮಾರು 100 ಮಿ.ಮೀ. ಸ್ಟೆಮ್ಮೇ ಸಹಜವಾಗಿ ಕೂರುವಂತೆ ಎಳೆಸು ಎಂದು ಬರೆದೆ. ಹೊಂದಿಸಬಲ್ಲ ಅಳತೆಯ ಸೈಕಲ್ಲಿನ ಮೇಲೆ ಒಂದಲ್ಲ, ಬೇರೆ ಬೇರೆ ದಿನ ಎರಡು ಸಲ ಕೂರು ಎಂದೂ ಬರೆದೆ. ಮೊದಲ ದಿನ ಎಲ್ಲರೂ ಎದೆಯುಬ್ಬಿಸಿಯೇ ಕೂರುತ್ತಾರೆ, ಛಾಯಾಚಿತ್ರಕ್ಕೆ ನಿಂತ ಹಾಗೆ.

ಮಂಡಿಯ ವಿಷಯ. ಅವನದು 175 ಮಿ.ಮೀ. ಕ್ರ್ಯಾಂಕು. ಅದನ್ನು 165ಕ್ಕಿಳಿಸಿದರೆ, ಕೆಳತುದಿಯಲ್ಲಿ ಕಾಲು ಮೊದಲಿನಷ್ಟೇ ಚಾಚುವಂತೆ ಸೀಟನ್ನು 10 ಮಿ.ಮೀ. ಏರಿಸಬೇಕು. ಹಾಗಾದಾಗ ಮೇಲ್ತುದಿಯಲ್ಲಿ ಪಾದವು ಸೀಟಿನ ಹತ್ತಿರಕ್ಕೆ ಬರುವುದು 20 ಮಿ.ಮೀ. ಕಡಿಮೆಯಾಗುತ್ತದೆ. ಮಂಡಿ ಅಷ್ಟರಮಟ್ಟಿಗೆ ಕಡಿಮೆ ಮಡಚುತ್ತದೆ. ನೋವು ಇದರಿಂದಲೇ ಹೋಗುತ್ತದೆಂದು ನಾನು ಹೇಳಲಾರೆ, ಅದನ್ನು ವೈದ್ಯರಿಗೆ ತೋರಿಸಲಿ. ಆದರೆ ವಯಸ್ಸನ್ನು ದೂರುವ ಮೊದಲು ಕ್ರ್ಯಾಂಕನ್ನು ವಿಚಾರಿಸುವುದು ನ್ಯಾಯ.

ಇನ್ನು ಗೇರು. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ಮುಂದೆ 52/36, ಹಿಂದೆ 11ರಿಂದ 28 ಹಲ್ಲು ಎಂದು ಬರೆದಿದ್ದಾನೆ. ಅವನ ಮನೆಯಿಂದ ದೂರವಿಲ್ಲದ ಕ್ಯಾಸಲ್ಟನ್ ಊರಿನ ಬಳಿ ವಿನ್ನಾಟ್ಸ್ ಪಾಸ್ ಎಂಬ ಏರು ಇದೆ. ಸುಣ್ಣಕಲ್ಲಿನ ಕೊರಕಲಿನ ನಡುವೆ ಹಾದುಹೋಗುವ ದಾರಿ, ಕೆಲವೆಡೆ ನೂರಕ್ಕೆ ಇಪ್ಪತ್ತರಷ್ಟು ಕಡಿದು. ನಾನು ಕಾರಿನಲ್ಲಿ ಕುಳಿತೇ ಉಸಿರು ಬಿಗಿಹಿಡಿದಿದ್ದೆ. ಒಂಬತ್ತನೆಯ ತರಗತಿಯ ಲೆಕ್ಕ ಮಾಡೋಣ. ಸವಾರ, ಸೈಕಲ್ಲು ಸೇರಿ 85 ಕೆ.ಜಿ. ಅಂಥ ಏರಿನಲ್ಲಿ ಹಿಂದಕ್ಕೆಳೆಯುವ ಬಲ ಸುಮಾರು 163 ನ್ಯೂಟನ್. ಅವನ ಅತಿ ಹಗುರ ಗೇರು 36/28, ಒಂದು ತುಳಿತದ ಸುತ್ತಿಗೆ ಸುಮಾರು 2.7 ಮೀಟರ್ ಮುಂದೆ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ 440 ವ್ಯಾಟ್ ಬೇಕು, ಅರ್ಧ ಕುದುರೆಗಿಂತ ಹೆಚ್ಚು! ಅದರ ಬದಲು ಮುಂದೆ 46/30, ಹಿಂದೆ 11ರಿಂದ 36 ಇಟ್ಟರೆ, 30/36ರಲ್ಲಿ ಸುತ್ತಿಗೆ 1.75 ಮೀಟರ್, ಬೇಕಾದದ್ದು 285 ವ್ಯಾಟ್. ಇನ್ನೂ ನಿಧಾನ ತುಳಿದರೆ ಇನ್ನೂ ಕಡಿಮೆ. ಅದೂ ಸುಲಭವಲ್ಲ, ಆದರೆ ಇಳಿದು ತಳ್ಳದೆ ಹೋಗುವ ಆಸೆಯಾದರೂ ಉಳಿಯುತ್ತದೆ. ವೇಗ ಕಳೆದುಕೊಳ್ಳುತ್ತೇನೆಂಬ ಭಯ ಬೇಡ. 46/11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿಲೋಮೀಟರ್. ಐವತ್ತರ ಮನುಷ್ಯ ಅದಕ್ಕಿಂತ ವೇಗ ಬೇಕಾದಾಗ ಇಳಿಜಾರಿನಲ್ಲಿ ಸುಮ್ಮನೆ ಕುಳಿತುಕೊಳ್ಳಲಿ.

ಉಕ್ಕಿನ ದರ್ಜೆಯ ಬಗ್ಗೆಯೂ ಅವನಿಗೆ ಬಹಳ ಮೋಹ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆಯವರು ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ 1897ರಲ್ಲೇ ಹಕ್ಕುಪತ್ರ ಪಡೆದರು, 1935ರಲ್ಲಿ 531 ಎಂಬ ಹೆಸರಾಂತ ಕೊಳವೆ ತಂದರು. ಆ ಚರಿತ್ರೆಯ ಮೇಲೆ ನನಗೂ ಗೌರವವಿದೆ. ಆದರೆ ಭೌತಶಾಸ್ತ್ರ ಮರೆಯಬಾರದು. ಅಗ್ಗದ್ದಾಗಲಿ ದುಬಾರಿಯದಾಗಲಿ, ಉಕ್ಕಿನ ಬಿಗಿತನ, ನಾವು ಯಂಗ್‌ನ ಗುಣಾಂಕವೆಂದು ಪಾಠ ಮಾಡಿದ್ದು, ಹೆಚ್ಚುಕಡಿಮೆ ಒಂದೇ. ಹೆಚ್ಚುವುದು ಗಟ್ಟಿತನ. ಅದರಿಂದ ಕೊಳವೆಯ ಗೋಡೆಯನ್ನು ತೆಳುವಾಗಿಸಿ ಕೆಲವು ನೂರು ಗ್ರಾಂ ಉಳಿಸಬಹುದು. "ಉಕ್ಕಿನ ಮೆತ್ತನೆಯ ಸವಾರಿ" ಎಂದು ಜನ ಹೊಗಳುವುದರಲ್ಲಿ ದೊಡ್ಡ ಪಾಲು ಟೈರಿನದು. ಹಾಗಾಗಿ ದುಬಾರಿ ಕೊಳವೆಯ ಹಣವನ್ನು ಅಳತೆಗೂ ಒಳ್ಳೆಯ ಚಕ್ರಗಳಿಗೂ ಇಡು, 32 ಮಿ.ಮೀ. ಟೈರೂ ಅದರ ಮೇಲೆ ಮಡ್‌ಗಾರ್ಡೂ ಹಿಡಿಸುವಷ್ಟು ಜಾಗ ಬಿಡಿಸು ಎಂದೆ. ಆ ಊರಿನ ಮಳೆ ನಮ್ಮ ಮಲೆನಾಡಿನ ಜಿಟಿಜಿಟಿಯ ಅಣ್ಣ. ಟೈರು ಆಮೇಲೆ ಬದಲಿಸಬಹುದು, ಬೆಸೆದ ಮೇಲೆ ಜಾಗ ಹುಟ್ಟಿಸಲಾಗದು. ಬ್ರೇಕಿನದೂ ಅದೇ ಮಾತು, ಡಿಸ್ಕೋ ರಿಮ್ಮೋ ಈಗಲೇ ನಿರ್ಧಾರವಾಗಬೇಕು. ಹೊಸ ಗೇರ್ ಸಮೂಹಗಳಲ್ಲಿ ಅನೇಕವು ಡಿಸ್ಕಿಗೆ ಮಾತ್ರವೇ ಬರುತ್ತಿರುವುದರಿಂದ ನನ್ನ ಮತ ಡಿಸ್ಕಿಗೆ.

ಉಳಿದವು ಸಣ್ಣವು. ಬಾಟಮ್ ಬ್ರಾಕೆಟ್ ಥ್ರೆಡ್ಡಿನದೇ ಇರಲಿ, 68 ಮಿ.ಮೀ. ಅಗಲದ ಬ್ರಿಟಿಷ್ ಅಳತೆಯದು. ಅದರ ಬಲಬದಿಯ ಕಪ್ಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮೂರ ಬಸ್‌ಸ್ಟ್ಯಾಂಡಿನ ಸೈಕಲ್ ಷಾಪಿನವರು, ನಾನು ಅದನ್ನು ತಪ್ಪು ದಿಕ್ಕಿಗೆ ತಿರುಗಿಸಿ ಕೆಡಿಸಿದ ದಿನ. ತಂತಿಗಳನ್ನೆಲ್ಲ ಹ್ಯಾಂಡಲಿನೊಳಗೇ ಹುದುಗಿಸುವ ಹೊಸ ಪದ್ಧತಿ ಬೇಡವೆಂದೆ. ಒಂದು ಬೇರಿಂಗ್ ಬದಲಿಸಲು ಬ್ರೇಕಿನ ಕೊಳವೆಯನ್ನೇ ಬಿಚ್ಚಬೇಕಾದ ಸೈಕಲ್ಲು ಯಾರಿಗೆ ಬೇಕು? ವಿದ್ಯುತ್ ಗೇರಿನ ಬಗ್ಗೆ ಅವನಿಷ್ಟ. ಬಣ್ಣದ ಬಗ್ಗೆ ನನ್ನನ್ನು ಕೇಳಬೇಡ ಎಂದೆ.

ಮೊನ್ನೆ ತಿದ್ದಿದ ನಕ್ಷೆ ಬಂತು. ಹ್ಯಾಂಡಲು ಆರು ಸೆಂಟಿಮೀಟರ್ ಮೇಲೆ ಬಂದಿದೆ, ಕ್ರ್ಯಾಂಕು 165 ಆಗಿದೆ, ಗೇರಿನ ವಿಷಯದಲ್ಲಿ ಮಾತ್ರ 50/34 ಎಂದು ಅರ್ಧ ದಾರಿಗೆ ಬಂದಿದ್ದಾನೆ. ಇರಲಿ, ಮುಂದಿನ ಹಲ್ಲುಚಕ್ರ ಬದಲಿಸಬಹುದಾದ ವಸ್ತು. ನಾನು ಒಂದೇ ಸಾಲು ಉತ್ತರ ಬರೆದೆ: ಮುಂಫೋರ್ಕಿನ ಮೇಲ್ಕೊಳವೆಯನ್ನು ಮೂರು ತಿಂಗಳು ಕತ್ತರಿಸದೆ ಹಾಗೇ ಉದ್ದ ಬಿಡಲು ಹೇಳು, ನೋಡಲು ಚೆನ್ನಾಗಿರುವುದಿಲ್ಲ, ಯಾರಾದರೂ ನಕ್ಕರೆ ನಗಲಿ.