ಹಾಡು ಹಾಕುವ ಬಾನುಲಿ, ಹಾಡಿಸುವ ಬಾನುಲಿ

ಹಾಸನಕ್ಕೂ ಖಾಸಗಿ ಎಫ್.ಎಂ. ಬರುವ ದಾರಿ ತೆರೆದಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಊರುಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲಾ ಕೇಂದ್ರವೂ ಇದೆ. ಈ ವಿಷಯ ಎತ್ತಿದರೆ ಸಾಕು, ಸ್ನೇಹಿತರು ಎರಡು ಬಣವಾಗುತ್ತಾರೆ. ಆಕಾಶವಾಣಿಯ ಜಡ ಬಿಟ್ಟು ದಿನವಿಡೀ ಸಿನಿಮಾ ಹಾಡು ಕೇಳಬಹುದು ಎಂಬ ಸಂತೋಷ ಒಬ್ಬರದು. ಭಾವಗೀತೆ, ಶಾಸ್ತ್ರೀಯ ಸಂಗೀತದ ಕಾಲ ಮುಗಿಯಿತು ಎಂಬ ಮರುಕ ಇನ್ನೊಬ್ಬರದು. ನನ್ನ ಪ್ರಕಾರ ಈ ಜಗಳವೇ ತಪ್ಪು. ಬಾನುಲಿ ಯಾವ ಹಾಡು ಹಾಕುತ್ತದೆ ಎಂಬುದಲ್ಲ ಪ್ರಶ್ನೆ. ಯಾರಿಂದ ಹಾಡಿಸುತ್ತದೆ ಎಂಬುದು.

ಮೊದಲು ಮಡಿವಂತರಿಗೆ ಒಂದು ಮಾತು. 1950ರ ದಶಕದಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಅವರು ಸಿನಿಮಾ ಹಾಡನ್ನು ಆಕಾಶವಾಣಿಯಿಂದ ದೂರ ಇಟ್ಟು ನೋಡಿದರು. ಕೇಳುಗರು ಶಾಸ್ತ್ರೀಯ ಸಂಗೀತಕ್ಕೆ ತಿರುಗಲಿಲ್ಲ, ರೇಡಿಯೊ ಸಿಲೋನ್‌ಗೆ ತಿರುಗಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿಯನ್ನು ಶುರುಮಾಡಬೇಕಾಯಿತು. ಕಿವಿಗೆ ಬೀಗ ಹಾಕಲಾಗುವುದಿಲ್ಲ. ಸಿನಿಮಾ ಹಾಡು ಬೇಡ ಎಂದು ನಾನು ಹೇಳುತ್ತಿಲ್ಲ.

ಇನ್ನು ಮಾರುಕಟ್ಟೆಯನ್ನು ನಂಬಿದವರಿಗೆ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಆಗಿ ರೇಡಿಯೊ ಸಿಟಿ ಆರಂಭವಾದಾಗ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ದೊಡ್ಡ ಪಾಲು. ಕನ್ನಡ ಹಾಕಿದರೆ ಕೇಳುಗರು ಬರುತ್ತಾರೆ ಎಂದು ಗೊತ್ತಾದ ಮೇಲೆ ಅದೂ ಕನ್ನಡಕ್ಕೆ ಹೊರಳಿತು. ಒಳ್ಳೆಯದೇ ಆಯಿತು. ಆದರೆ ಬದಲಾದದ್ದು ಹಾಡಿನ ಭಾಷೆ ಮಾತ್ರ. ಸಿನಿಮಾ ಕಂಪನಿ ಮಾಡಿಟ್ಟ ಹಾಡನ್ನು ತಂದು ಹಾಕುವ ಪದ್ಧತಿ ಹಾಗೇ ಉಳಿಯಿತು. ನಾಳೆ ಜಾಹೀರಾತಿನವರ ಲೆಕ್ಕ ಬದಲಾದರೆ ಭಾಷೆಯೂ ಬದಲಾಗುತ್ತದೆ. ಬೇರೆಯವರ ಸರಕು ಮಾರುವ ಅಂಗಡಿಗೆ ಯಾವ ಬೋರ್ಡ್ ಆದರೇನು?

ಹಾಡಿಸುವ ಬಾನುಲಿ ಎಂದರೇನು ಎಂದು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರು. ಆ ಮನೆತನದ ಆರ್.ಕೆ. ಶ್ರೀಕಂಠನ್ ಮೂರು ದಶಕಕ್ಕೂ ಹೆಚ್ಚು ಕಾಲ ಆಕಾಶವಾಣಿಯಲ್ಲಿ ದುಡಿದರು, ರೇಡಿಯೊದಲ್ಲೇ ಸಂಗೀತ ಪಾಠ ಹೇಳಿದರು. ಧ್ವನಿ ಪರೀಕ್ಷೆ ಮಾಡಿ, ಶ್ರೇಣಿ ಕೊಟ್ಟು, ಸ್ಟುಡಿಯೊಗೆ ಕರೆದು, ಸಂಭಾವನೆ ಕೊಡುವ ಆಕಾಶವಾಣಿಯ ಪದ್ಧತಿಗೆ ಸಾವಿರ ಕೊರತೆಗಳಿರಬಹುದು. ಆದರೂ ಹಳ್ಳಿಯ ಹಾಡುಗಾರ್ತಿಯೊಬ್ಬಳಿಗೆ 'ನೀನು ಕಲಾವಿದೆ' ಎಂದು ಕಾಗದದ ಮೇಲೆ ಬರೆದುಕೊಟ್ಟದ್ದು ಅದೇ.

ಇತ್ತ ಖಾಸಗಿ ಎಫ್.ಎಂ.ನ ಮೂರನೇ ಹಂತದ ನೀತಿ, ಒಂದು ಕಂಪನಿ ತನ್ನ ಎಲ್ಲ ಕೇಂದ್ರಗಳನ್ನು ಜಾಲವಾಗಿ ಜೋಡಿಸಿ ಒಂದೇ ಕಾರ್ಯಕ್ರಮವನ್ನು ಹಲವು ಊರುಗಳಿಗೆ ಕಳಿಸಲು ಅವಕಾಶ ಕೊಟ್ಟಿದೆ. ಹಾಸನದ ಹೆಸರಿನ ವಾಹಿನಿಯ ಹಾಡಿನ ಪಟ್ಟಿ ಬೆಂಗಳೂರಿನ ಕಂಪ್ಯೂಟರಿನಲ್ಲೇ ತಯಾರಾಗಬಹುದು. ಆಗ ಈ ಊರಿನಲ್ಲಿ ಇರುವುದು ಟವರ್ ಒಂದೇ.

'ಜನ ಕೇಳಿದ್ದನ್ನು ಕೊಡುತ್ತಾರೆ, ತಪ್ಪೇನು?' ಎಂಬ ಪ್ರಶ್ನೆ ಬರುತ್ತದೆ. ಸರಿ, ಹೊಸ ಸಿನಿಮಾ ಹಾಡು ಈಗಾಗಲೇ ನಿಮ್ಮ ಫೋನಿನಲ್ಲಿದೆ. ಅದನ್ನೇ ಮತ್ತೆ ಕೇಳಿಸಲು ಇನ್ನೊಂದು ಕೇಂದ್ರವೇಕೆ? ಫೋನಿನಲ್ಲಿ ಸುಲಭಕ್ಕೆ ಸಿಗದ್ದು ದುದ್ದ ಹೋಬಳಿಯ ಮದುವೆ ಮನೆಯ ಸೋಬಾನೆ, ಶನಿವಾರದ ಭಜನೆ, ಕೋಲಾಟದ ಪದ. ಇವು ಕೇಳುಗರ ಎದುರಿಗೆ ಬರದೇ ಇದ್ದಾಗ 'ಇವನ್ನು ಯಾರೂ ಕೇಳುವುದಿಲ್ಲ' ಎನ್ನುವುದು, ಬಡಿಸದೇ ಇದ್ದವನು 'ಯಾರೂ ಉಣ್ಣಲಿಲ್ಲ' ಎಂದಂತೆ.

ಈ ಹರಾಜಿನಿಂದ ಮಾತೃಭಾಷೆಯ ಸ್ಥಳೀಯ ಕಾರ್ಯಕ್ರಮ ಹೆಚ್ಚುತ್ತದೆ, ಉದ್ಯೋಗ ಸಿಗುತ್ತದೆ ಎಂದು ಸರ್ಕಾರವೇ ಹೇಳಿದೆ. ಹಾಗಾದರೆ ಅದು ಪರವಾನಗಿಯ ಷರತ್ತಿನಲ್ಲೇ ಇರಲಿ: ದಿನಕ್ಕೆ ಒಂದು ಗಂಟೆ, ಜಿಲ್ಲೆಯೊಳಗೇ ಧ್ವನಿಮುದ್ರಣವಾದ ಹಾಡು, ಅದೂ ಎಲ್ಲರೂ ಮಲಗಿದ ಮೇಲಲ್ಲ, ಸಂಜೆಯ ಹೊತ್ತಿಗೆ, ಹಾಡಿದವರಿಗೆ ಸಂಭಾವನೆ. ಹಾಸನ ಆಕಾಶವಾಣಿಗೂ ಇದೇ ಅಳತೆ. ಬೇರೆಡೆಯ ಕಾರ್ಯಕ್ರಮವನ್ನು ಮರುಪ್ರಸಾರ ಮಾಡುತ್ತಾ ಕೂತರೆ ಅದಕ್ಕೂ ಖಾಸಗಿಯವರಿಗೂ ವ್ಯತ್ಯಾಸವಿಲ್ಲ. ತಿಂಗಳಿಗೊಂದು ಹೋಬಳಿಗೆ ಮೈಕು ಹಿಡಿದು ಹೋಗುವುದು ಅಸಾಧ್ಯದ ಕೆಲಸವೇನಲ್ಲ.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಜಾನಪದದ ಬಗ್ಗೆ ಪ್ರಬಂಧ ಬರೆಯಿರಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ನಿಮ್ಮ ಜಿಲ್ಲೆಯ ಬಾನುಲಿ ಕೇಂದ್ರಕ್ಕೂ ಒಂದು ಕಾಗದ ಬರೆಯಿರಿ. ಕಳೆದ ತಿಂಗಳು ನಮ್ಮ ಜಿಲ್ಲೆಯ ಎಷ್ಟು ಜನರಿಂದ ಹಾಡಿಸಿದಿರಿ, ಎಷ್ಟು ಸಂಭಾವನೆ ಕೊಟ್ಟಿರಿ ಎಂದು ಕೇಳಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ.