ಪ್ರೆಶರ್ ಏರಿಸೋ ಮುಂಚೆ ಲೆಡ್ಜರ್ ತೆಗೀರಿ

ಪೋಸ್ಟ್ 1/7

ಫೋಟೋದಲ್ಲಿರೋದು ನಮ್ಮಪ್ಪನ ಮಂಚದ ಪಕ್ಕದ ಸ್ಟೂಲು. ಅದರ ಮೇಲೆ ಸಿಪ್ಯಾಪ್ ಮೆಷಿನ್, ಒಂದು ಪೈಪು, ಒಂದು ಮಾಸ್ಕು. ಹೋದ ವಾರ ಇದನ್ನ ಸ್ಟೋರಿಗೆ ಹಾಕಿದಾಗ ಸುಮಾರು ಜನ "ಇದೇನ್ ಗುರು, ಆಕ್ಸಿಜನ್ನಾ?" ಅಂತ ಕೇಳಿದ್ರಿ. ಮೂರು ಜನ ಮಾತ್ರ ಇನ್‌ಬಾಕ್ಸ್‌ಗೆ ಬಂದು "ನಮ್ಮನೇಲೂ ಇದೆ, ಹಾಕ್ಕೊಂಡ್ರೂ ಸರಿಹೋಗ್ಲಿಲ್ಲ, ಈಗ ಬೀರು ಮೇಲಿದೆ" ಅಂದ್ರಿ. ಒಬ್ರು ಮಾಲೂರು, ಒಬ್ರು ಮುಳಬಾಗಿಲು, ಒಬ್ರು ಶ್ರೀನಿವಾಸಪುರ. ಈ ಸರಣಿ ಮೊದಲು ಆ ಮೂವರಿಗೆ. ಮಿಕ್ಕವರೂ ಓದಿ, ಯಾಕಂದ್ರೆ ಗೊರಕೆ ಹೊಡೆಯೋರು ಎಲ್ಲರ ಮನೇಲೂ ಇದ್ದಾರೆ.

ನಾವು ಗೊರಕೆ ಮೇಲೆ ರೀಲ್ಸ್ ಮಾಡ್ತೀವಿ. ಬಸ್ಸಲ್ಲಿ ಬಾಯಿ ತೆಕ್ಕೊಂಡು ಮಲಗಿದವರನ್ನ ವಿಡಿಯೋ ತೆಗೀತೀವಿ. ಗಾಯಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಕಾರಣ ಸ್ಲೀಪ್ ಆಪ್ನಿಯಾ. 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಕೊಟ್ಟ ಅಂದಾಜು ಪ್ರಕಾರ ದೇಶದಲ್ಲಿ ಸುಮಾರು 10.4 ಕೋಟಿ ಜನಕ್ಕೆ ಇದು ಇದೆ. ನಗೋ ವಿಷಯ ಅಲ್ಲ.

ಆದ್ರೆ ಇವತ್ತು ನನ್ನ ಜಗಳ ನಗೋರ ಜೊತೆ ಅಲ್ಲ. ಮೆಷಿನ್ ಮಾರಿ, ಸರಿಹೋಗ್ಲಿಲ್ಲ ಅಂದ ಕೂಡ್ಲೇ "ಪ್ರೆಶರ್ ಏರಿಸಿ ಸಾರ್" ಅನ್ನೋರ ಜೊತೆ. ಆ ಮಾತನ್ನ ಕಣ್ಣುಮುಚ್ಚಿ ನಂಬೋ ನಮ್ಮ ಜೊತೆ ಕೂಡ.

ಪೋಸ್ಟ್ 2/7

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ಇಡೀ ಸರಣಿ ಇದರ ಮೇಲೇ ನಿಂತಿದೆ.

ನಿದ್ದೇಲಿ ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಆಪ್ನಿಯಾ. ಇದರಲ್ಲಿ ಎರಡು ಥರ. ನಮ್ಮ ಕಡೆ ಭಾಷೇಲಿ ಹೇಳ್ಬೇಕಂದ್ರೆ ಬೋರ್‌ವೆಲ್ ನೆನಪು ಮಾಡ್ಕೊಳ್ಳಿ. ಮೋಟರ್ ಓಡ್ತಾ ಇದೆ, ಆದ್ರೆ ಪೈಪ್ ಕಟ್ಕೊಂಡಿದೆ, ನೀರು ಬರ್ತಿಲ್ಲ. ಇದು ಅಬ್‌ಸ್ಟ್ರಕ್ಟಿವ್. ಗಂಟಲು ಸಡಿಲ ಆಗಿ ಮುಚ್ಕೊಂಡಿದೆ, ಎದೆ ಮಾತ್ರ ಉಸಿರೆಳೆಯೋಕೆ ಒದ್ದಾಡ್ತಾ ಇದೆ. ಇನ್ನೊಂದು, ಪೈಪ್ ಚೆನ್ನಾಗೇ ಇದೆ, ಮೋಟರ್ ಸ್ವಿಚ್ಚೇ ಆನ್ ಆಗಿಲ್ಲ. ಇದು ಸೆಂಟ್ರಲ್. ಗಂಟಲು ತೆರೆದೇ ಇದೆ, ಆದ್ರೆ "ಉಸಿರಾಡು" ಅನ್ನೋ ಆದೇಶ ಮಿದುಳಿಂದ ಆ ಹೊತ್ತಿಗೆ ಬರಲ್ಲ. ಒದ್ದಾಟ ಇಲ್ಲ, ಸದ್ದಿಲ್ಲ.

ಸಿಪ್ಯಾಪ್ ಮಾಡೋ ಕೆಲಸ ಒಂದೇ. ಗಾಳಿಯ ಒತ್ತಡದಿಂದ ಗಂಟಲು ಮುಚ್ಚದ ಹಾಗೆ ನೋಡ್ಕೊಳ್ಳೋದು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಇದನ್ನ ಮೊದಲು ಪ್ರಯತ್ನ ಮಾಡಿ, 1981ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬರೆದಾಗಿಂದ ಕೋಟ್ಯಂತರ ಜನಕ್ಕೆ ನಿದ್ದೆ ಕೊಟ್ಟಿದೆ. ಅದನ್ನ ಬೈಯೋಕೆ ನಾನು ಬಂದಿಲ್ಲ. ಆದ್ರೆ ಅದು ನಮ್ಮ ಬದಲು ಉಸಿರಾಡಲ್ಲ. ಸ್ವಿಚ್ ಆನ್ ಆಗದೆ ಇರೋವಾಗ ಪೈಪ್ ಇನ್ನೂ ಅಗಲ ಮಾಡಿದ್ರೆ ನೀರು ಬರುತ್ತಾ?

ಪೋಸ್ಟ್ 3/7

ಈಗ ನನ್ನ ತಪ್ಪು. ಬೇರೆಯವರನ್ನ ಬೈಯೋಕೆ ಮುಂಚೆ ಇದನ್ನ ಹೇಳ್ಬೇಕು.

ನಮ್ಮಪ್ಪ ಟೊಮೆಟೊ ಮಂಡೀಲಿ ಲೆಕ್ಕ ಬರೀತಾರೆ. ಬೆಳಗಿನ ಜಾವ ಎದ್ದು ಹೋಗ್ಬೇಕು. ಒಂದಿನ ಸ್ಕೂಟರ್ ಓಡಿಸ್ತಾನೇ ತೂಕಡಿಸಿ ಟಮಕ ಹತ್ರ ಡಿವೈಡರ್‌ಗೆ ತಾಗಿಸಿದ್ರು. ಮೊಣಕೈ ತರಚಿತು, ಅಷ್ಟಕ್ಕೆ ಉಳೀತು. ಆಮೇಲೆ ಸ್ಲೀಪ್ ಸ್ಟಡಿ ಮಾಡಿಸಿದ್ವಿ. ಎಎಚ್‌ಐ 42. ಅಂದ್ರೆ ಗಂಟೆಗೆ 42 ಸಲ ಉಸಿರು ನಿಲ್ಲುತ್ತೆ ಇಲ್ಲಾ ತೀರಾ ಕಮ್ಮಿ ಆಗುತ್ತೆ. 5ಕ್ಕಿಂತ ಕಮ್ಮಿ ಇದ್ರೆ ಸರಿ, 30 ದಾಟಿದ್ರೆ ತೀವ್ರ.

ಸಾಲ ಮಾಡಿ ಮೆಷಿನ್ ತಂದ್ವಿ. ಎರಡು ವಾರ ಆದ್ಮೇಲೂ ಸ್ಕ್ರೀನ್ ಮೇಲೆ 14. ಅಪ್ಪಂಗೆ ತಲೆನೋವು, ಸುಸ್ತು ಹಾಗೇ ಇತ್ತು. ಮಾರಿದವರಿಗೆ ಫೋನ್ ಮಾಡಿದ್ರೆ ಅರ್ಧ ನಿಮಿಷದಲ್ಲಿ ಉತ್ತರ ಬಂತು: "ಪ್ರೆಶರ್ ಸಾಕಾಗ್ತಿಲ್ಲ, ಏರಿಸಿ." ನಾನು ಯೂಟ್ಯೂಬ್ ನೋಡಿ, ಡಾಕ್ಟರ್ ಮಾತ್ರ ತೆರೆಯೋ ಮೆನು ತೆರೆದು, ಕನಿಷ್ಠ ಪ್ರೆಶರ್ 8 ಇದ್ದಿದ್ದನ್ನ 11 ಮಾಡ್ದೆ. ಏನೋ ಸಾಧಿಸಿದ ಹಾಗೆ ಅಮ್ಮನ ಹತ್ರ ಕೊಚ್ಕೊಂಡೆ ಬೇರೆ.

ಮೂರನೇ ಬೆಳಗ್ಗೆ ಸ್ಕ್ರೀನ್ ಮೇಲೆ 21.

ಆಗ ಮೊದಲ ಸಲ ರಿಪೋರ್ಟಿನ ಒಳಗೆ ಹೋಗಿ ನೋಡ್ದೆ. 21ರಲ್ಲಿ 18 ಸೆಂಟ್ರಲ್. ಹಳೇ ದಿನಗಳನ್ನೂ ತೆಗೆದೆ. 14 ಇದ್ದಾಗಲೂ ಸುಮಾರು 12 ಸೆಂಟ್ರಲ್ಲೇ. ಗಂಟಲು ಮುಚ್ಕೊಳ್ಳೋ ಸಮಸ್ಯೆ ಮೊದಲ ವಾರದಲ್ಲೇ ಹೆಚ್ಚೂಕಮ್ಮಿ ಮುಗಿದಿತ್ತು. ಇಲ್ಲದೇ ಇರೋ ಸಮಸ್ಯೆಗೆ ಔಷಧ ಜಾಸ್ತಿ ಮಾಡಿ, ಇರೋ ಸಮಸ್ಯೇನ ನಾನೇ ಬೆಳೆಸಿದ್ದೆ.

ಬಿಕಾಂ ಓದೋ ನನಗೆ ನಾಚಿಕೆ ಆಯ್ತು. ಟ್ರಯಲ್ ಬ್ಯಾಲೆನ್ಸಿನ ಒಟ್ಟು ಮೊತ್ತ ನೋಡಿ ಲೆಕ್ಕ ಸರಿ ಇದೆ, ತಪ್ಪಿದೆ ಅಂತ ತೀರ್ಮಾನ ಮಾಡ್ಬಾರ್ದು, ಲೆಡ್ಜರ್ ತೆಗಿ ಅಂತ ಮೊದಲ ಸೆಮಿಸ್ಟರಲ್ಲೇ ಹೇಳಿಕೊಟ್ಟಿದ್ದಾರೆ. ಎಎಚ್‌ಐ ಅನ್ನೋದು ಒಟ್ಟು ಮೊತ್ತ. ಯಾವ ಖಾತೇಲಿ ಎಷ್ಟು ಅನ್ನೋದು ಅದರಲ್ಲಿ ಕಾಣಲ್ಲ.

ಪೋಸ್ಟ್ 4/7

ಪ್ರೆಶರ್ ಏರಿಸಿದ್ರೆ ಸೆಂಟ್ರಲ್ ಯಾಕೆ ಜಾಸ್ತಿ ಆಗುತ್ತೆ?

ನಿದ್ದೇಲಿ ಉಸಿರಾಟದ ಗತಿಯನ್ನ ಮಿದುಳು ತೀರ್ಮಾನ ಮಾಡೋದು ಮುಖ್ಯವಾಗಿ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ನೋಡಿ. ಅದು ಒಂದು ಮಟ್ಟಕ್ಕಿಂತ ಕೆಳಗಿಳಿದ್ರೆ "ಸದ್ಯಕ್ಕೆ ಉಸಿರು ಬೇಡ" ಅಂತ ಮಿದುಳು ಸುಮ್ಮನಾಗುತ್ತೆ. ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ರೆ ಕೆಲವರಲ್ಲಿ ಉಸಿರು ದೊಡ್ಡದಾಗುತ್ತೆ, ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗುತ್ತೆ. ಉಸಿರು ನಿಲ್ಲುತ್ತೆ. ನಿಂತಾಗ ಅದು ಮತ್ತೆ ಶೇಖರ ಆಗುತ್ತೆ, ಮಿದುಳು ಗಾಬರಿಯಿಂದ ಜೋರಾಗಿ ಉಸಿರಾಡಿಸುತ್ತೆ. ಮತ್ತೆ ಎಲ್ಲಾ ಹೊರಗೆ, ಮತ್ತೆ ನಿಲ್ಲುತ್ತೆ. ರಾತ್ರಿಯೆಲ್ಲಾ ಇದೇ ಉಯ್ಯಾಲೆ. ಮಾಸ್ಕ್ ಲೀಕ್ ಆದ್ರೂ, ಪದೇ ಪದೇ ಎಚ್ಚರ ಆದ್ರೂ ಇದು ಕೆದರುತ್ತೆ.

ಸಿಪ್ಯಾಪ್ ಶುರು ಮಾಡಿದ್ಮೇಲೆ ಹೀಗೆ ಕಾಣಿಸ್ಕೊಳ್ಳೋದಕ್ಕೆ ವೈದ್ಯರು 'ಟ್ರೀಟ್‌ಮೆಂಟ್ ಎಮರ್ಜೆಂಟ್ ಸೆಂಟ್ರಲ್ ಸ್ಲೀಪ್ ಆಪ್ನಿಯಾ' ಅಂತಾರೆ. ಬೇರೆ ಬೇರೆ ಅಧ್ಯಯನಗಳಲ್ಲಿ ಸಿಪ್ಯಾಪ್ ಶುರು ಮಾಡಿದವರಲ್ಲಿ ಹೆಚ್ಚೂಕಮ್ಮಿ ಶೇ 5ರಿಂದ 15ರಷ್ಟು ಜನರಲ್ಲಿ ಕಂಡಿದೆ. ಇದರಲ್ಲೊಂದು ಸಮಾಧಾನ ಇದೆ. ತುಂಬಾ ಜನಕ್ಕೆ ಮೆಷಿನ್ ಬಿಡದೆ ಬಳಸ್ತಾ ಹೋದ್ರೆ ಕೆಲವು ವಾರ, ತಿಂಗಳುಗಳಲ್ಲಿ ತಾನಾಗೇ ಇಳಿಯುತ್ತೆ. ಅಂದ್ರೆ ಕೆಲವು ಸಲ ಸರಿಯಾದ ಉತ್ತರ "ಏರಿಸಿ" ಅಲ್ಲ, "ಇಳಿಸಿ" ಅಥವಾ "ಸ್ವಲ್ಪ ಕಾಯಿರಿ". ಆ ಮಾತು ಹೇಳೋಕೆ ರಿಪೋರ್ಟ್ ಓದಿರ್ಬೇಕು ಅಷ್ಟೇ.

ಪೋಸ್ಟ್ 5/7

ಬೀರು ಮೇಲಿರೋ ಮೆಷಿನ್ ಇಳಿಸಿದ್ರಾ? ಈಗ ಇದನ್ನ ನೋಡಿ. ಸೆಟ್ಟಿಂಗ್ ಮುಟ್ಟಬೇಡಿ, ಬರೀ ನೋಡಿ.

1. ಒಟ್ಟು ಎಎಚ್‌ಐ ಬಿಟ್ಟು ಒಳಗಿನ ವಿಂಗಡಣೆ ಹುಡುಕಿ. 'ಸೆಂಟ್ರಲ್' ಅಥವಾ 'ಕ್ಲಿಯರ್ ಏರ್‌ವೇ' ಅಂತಿರುತ್ತೆ. ಸ್ಕ್ರೀನಲ್ಲಿ ಸಿಗ್ಲಿಲ್ಲ ಅಂದ್ರೆ ಎಸ್‌ಡಿ ಕಾರ್ಡ್ ತೆಗೆದು, ಅದರ ಲಾಕ್ ಹಾಕಿ, ಲ್ಯಾಪ್‌ಟಾಪಲ್ಲಿ 'ಆಸ್ಕರ್' ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ನೋಡಬಹುದು. ಎಲ್ಲಾ ಮೆಷಿನ್‌ಗೂ ಬರಲ್ಲ, ತುಂಬಾ ಮೆಷಿನ್‌ಗೆ ಬರುತ್ತೆ.

2. ಒಂದು ರಾತ್ರಿ ನೋಡಿ ಹೆದರಬೇಡಿ. ಮೆಷಿನ್ ಮಿದುಳನ್ನ ಓದಲ್ಲ. ಗಾಳಿಯ ಸಣ್ಣ ಅಲೆ ಕಳಿಸಿ ಗಂಟಲು ತೆರೆದಿದೆಯಾ ಅಂತ ಊಹೆ ಮಾಡುತ್ತೆ. ಎಚ್ಚರವಾಗಿ ಮಗ್ಗಲು ಬದಲಾಯಿಸುವಾಗ ಉಸಿರು ಹಿಡಿದ್ರೂ ಅದನ್ನ ಸೆಂಟ್ರಲ್ ಅಂತ ಬರ್ಕೊಳ್ಳಬಹುದು. ಎರಡು ವಾರದ ಲೆಕ್ಕ ನೋಡಿ.

3. ಲೀಕ್ ಎಷ್ಟಿದೆ ನೋಡಿ. ಮಾಸ್ಕ್ ಅಳತೆ ಸರಿ ಇದೆಯಾ, ಕುಶನ್ ಹಳೇದಾಗಿದೆಯಾ, ಬಾಯಿ ತೆರೆದು ಮಲಗ್ತಾರಾ.

4. ತಗೊಳ್ಳೋ ಮಾತ್ರೆಗಳೆಲ್ಲಾ ಒಂದು ಚೀಟೀಲಿ ಬರೀರಿ. ಟ್ರಾಮಡಾಲ್ ಥರದ ಬಲವಾದ ನೋವಿನ ಮಾತ್ರೆಗಳಿಂದ ಸೆಂಟ್ರಲ್ ಆಪ್ನಿಯಾ ಬರಬಹುದು. ಮಂಡಿ ನೋವಿಗೆ ಅಂತ ಯಾರೋ ಕೊಟ್ಟಿದ್ದನ್ನ ಅಪ್ಪ ಅಮ್ಮಂದಿರು ಡಾಕ್ಟರ್‌ಗೆ ಹೇಳಿರಲ್ಲ.

5. ಹೃದಯದ ತೊಂದರೆ, ಪಾರ್ಶ್ವವಾಯು ಆಗಿದ್ದು ಇದ್ರೆ ಅದೇ ಚೀಟೀಲಿ ಮೊದಲ ಸಾಲಲ್ಲಿ ಬರೀರಿ.

ಇಷ್ಟನ್ನ ತಗೊಂಡು ನಿದ್ದೆ ವಿಷಯ ಗೊತ್ತಿರೋ ಡಾಕ್ಟರ್ ಹತ್ರ ಹೋಗಿ. ಬರಿಗೈಲಿ ಹೋದ್ರೆ ಅವರಿಗೂ ಕಾಣೋದು ಒಟ್ಟು ಮೊತ್ತ ಮಾತ್ರ.

ಪೋಸ್ಟ್ 6/7

ಇದಕ್ಕೆ ಇನ್ನೊಂದು ಮಾರಾಟದ ಮಾತಿದೆ: "ಇದು ಸಾಲಲ್ಲ, ದೊಡ್ಡ ಮೆಷಿನ್ ತಗೊಳ್ಳಿ."

ಎಎಸ್‌ವಿ ಅಂತ ಒಂದು ಮೆಷಿನ್ ಇದೆ. ಪ್ರತಿ ಉಸಿರನ್ನೂ ಗಮನಿಸಿ, ಕಮ್ಮಿ ಆದಾಗ ತಾನೇ ತುಂಬುತ್ತೆ. ಸೆಂಟ್ರಲ್ ಆಪ್ನಿಯಾ ಸಂಖ್ಯೆಯನ್ನ ಚೆನ್ನಾಗಿ ಇಳಿಸುತ್ತೆ. ಹಾಗಾದ್ರೆ ಎಲ್ಲರಿಗೂ ಒಳ್ಳೇದೇ ಅಲ್ವಾ? 2015ರಲ್ಲಿ ಸರ್ವ್-ಎಚ್‌ಎಫ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಹೃದಯದ ಪಂಪಿಂಗ್ ಶಕ್ತಿ, ಅಂದ್ರೆ ಎಜೆಕ್ಷನ್ ಫ್ರಾಕ್ಷನ್, ಶೇ 45 ಅಥವಾ ಅದಕ್ಕಿಂತ ಕಮ್ಮಿ ಇದ್ದ 1,325 ಹೃದಯ ವೈಫಲ್ಯದ ರೋಗಿಗಳು. ಅವರಲ್ಲಿ ಎಎಸ್‌ವಿ ಬಳಸಿದವರಿಗೆ ಹೃದಯ ಸಂಬಂಧಿ ಸಾವಿನ ಅಪಾಯ ಶೇ 34 ಹೆಚ್ಚಿತ್ತು. ಸ್ಕ್ರೀನ್ ಮೇಲಿನ ನಂಬರ್ ಇಳೀತು, ಸಾವು ಏರಿತು. ಆಮೇಲೆ ಬೇರೆ ರೀತಿ ಕೆಲಸ ಮಾಡೋ ಎಎಸ್‌ವಿ ಮೆಷಿನ್‌ನಿಂದ ನಡೆದ ಅಡ್ವೆಂಟ್-ಎಚ್‌ಎಫ್ ಅಧ್ಯಯನದಲ್ಲಿ ಆ ಅಪಾಯ ಕಾಣಲಿಲ್ಲ. ಅಂದ್ರೆ ಇದು ಡಾಕ್ಟರ್‌ಗಳೇ ಹುಷಾರಾಗಿ ತೂಗಿ ನೋಡೋ ವಿಷಯ, ಕೌಂಟರ್ ಹಿಂದೆ ನಿಂತು ಹೇಳೋದಲ್ಲ. ಎಕೋ ಮಾಡಿಸದೆ ಯಾರಾದ್ರೂ "ದೊಡ್ಡದು ತಗೊಳ್ಳಿ" ಅಂದ್ರೆ ಎದ್ದು ಬನ್ನಿ.

ನಮ್ಮಪ್ಪಂಗೆ ಡಾಕ್ಟರ್ ಮೊದಲು ಮಾಡಿಸಿದ್ದೇ ಎಕೋ. ಹೃದಯ ಸರಿ ಇತ್ತು. ನಾನು ಏರಿಸಿದ್ದನ್ನ ಇಳಿಸಿದ್ರು, ಮೇಲಿನ ಮಿತಿಯನ್ನೂ ಕಮ್ಮಿ ಮಾಡಿದ್ರು. ಮಾಸ್ಕ್ ಒಂದು ಅಳತೆ ಚಿಕ್ಕದು ಕೊಟ್ರು. "ಆರು ವಾರ ದಿನಾ ಹಾಕ್ಕೊಳ್ಳಿ, ಆಮೇಲೆ ಕಾರ್ಡ್ ತನ್ನಿ" ಅಂದ್ರು. ಹೊಸ ಮೆಷಿನ್ ಇಲ್ಲ. ಆರು ವಾರ ಆದ್ಮೇಲೆ ಎಎಚ್‌ಐ 6. ಪೂರ್ತಿ ಸರಿ ಅಲ್ಲ, ಆದ್ರೆ ಅಪ್ಪ ಮಧ್ಯಾಹ್ನ ಲೆಕ್ಕದ ಪುಸ್ತಕದ ಮೇಲೆ ತಲೆ ಇಟ್ಟು ಮಲಗೋದು ನಿಂತಿದೆ.

ಪೋಸ್ಟ್ 7/7

ಕಾಮೆಂಟಲ್ಲಿ ಏನು ಬರುತ್ತೆ ಗೊತ್ತು.

"ಬೆಂಗಳೂರಿಗೆ ಪದೇ ಪದೇ ಹೋಗೋಕಾಗುತ್ತಾ? ಮಾರಿದವರಾದ್ರೂ ಫೋನ್ ಎತ್ತುತ್ತಾರೆ." ನಿಜ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಸಾಲಲ್ಲಿ ಕೂತು ಬರೋದು ಸುಲಭ ಅಲ್ಲ. ಅದಕ್ಕೇ ಹೇಳ್ತಿರೋದು, ಖರೀದಿ ಮಾಡೋ ದಿನವೇ ಕೇಳಿ. ಎರಡನೇ ವಾರ, ಎಂಟನೇ ವಾರ ರಿಪೋರ್ಟ್ ಓದೋರು ಯಾರು? ಅದನ್ನ ಡಾಕ್ಟರ್‌ಗೆ ಕಳಿಸ್ತೀರಾ? ಬಿಲ್ ಮೇಲೆ ಬರ್ಕೊಡಿ. ಬರ್ಕೊಡಲ್ಲ ಅಂದ್ರೆ ಅಂಗಡಿ ಬದಲಾಯಿಸಿ.

"ಹೆಚ್ಚಿನವರಿಗೆ ಅಬ್‌ಸ್ಟ್ರಕ್ಟಿವ್ವೇ ಇರೋದು, ಅವರಿಗೆ ಪ್ರೆಶರ್ ಏರಿಸಿದ್ರೆ ಸರಿಹೋಗುತ್ತಲ್ಲ?" ಅದೂ ನಿಜ. ಆದ್ರೆ ನಿಮ್ಮಪ್ಪ ಆ ಹೆಚ್ಚಿನವರಲ್ಲಿ ಒಬ್ಬರಾ ಅಂತ ತಿಳಿಯೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡದೆ ಊಹೆ ಮೇಲೆ ಒತ್ತಡ ಏರಿಸೋದನ್ನ ಸೇವೆ ಅಂತ ನಾನು ಕರೆಯಲ್ಲ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳೆಲ್ಲಾ ಕಾನೂನಿನ ಕಣ್ಣಲ್ಲಿ ಔಷಧಗಳೇ. ಬಿಪಿ ಮಾತ್ರೇನ ಮೆಡಿಕಲ್ ಸ್ಟೋರ್ ಹುಡುಗ "ಒಂದಲ್ಲ, ಎರಡು ತಗೊಳ್ಳಿ" ಅಂದ್ರೆ ತಗೋತೀರಾ? ಇಲ್ಲ ತಾನೇ. ಸಿಪ್ಯಾಪ್ ಪ್ರೆಶರ್ ಕೂಡ ಡೋಸೇ. ಅದನ್ನ ಫೋನಲ್ಲಿ ಏರಿಸೋ ಹಕ್ಕು ಮಾರೋರಿಗೂ ಇಲ್ಲ, ಯೂಟ್ಯೂಬ್ ನೋಡಿದ ನನಗೂ ಇಲ್ಲ.

ಮಾಲೂರಿನವರೇ, ಮುಳಬಾಗಿಲಿನವರೇ, ಶ್ರೀನಿವಾಸಪುರದವರೇ, ಮೆಷಿನ್ ಬೀರು ಮೇಲಿಂದ ಇಳಿಸಿ. ಇವತ್ತು ರಾತ್ರಿ ಅಪ್ಪಂಗೆ ಹಾಕಿ ಕೊಡಿ. ನಾಳೆ ಬೆಳಗ್ಗೆ ಕಾಲೇಜಿಗೆ ಹೊರಡೋ ಮುಂಚೆ ವಿಂಗಡಣೆ ಫೋಟೋ ತೆಗೀರಿ. ಹೀಗೆ ಹದಿನಾಲ್ಕು ದಿನ. ಹೇಗೆ ನೋಡೋದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮೆಸೇಜ್ ಮಾಡಿ, ನೋಡೋದು ತೋರಿಸ್ತೀನಿ. ಏರಿಸು, ಇಳಿಸು ಅಂತ ಮಾತ್ರ ನನ್ನ ಕೇಳಬೇಡಿ. ಅದು ಡಾಕ್ಟರ್ ಕೆಲಸ.

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಗೊರಕೆ_ಜೋಕ್_ಅಲ್ಲ #ಲೆಡ್ಜರ್_ತೆಗೀರಿ