ಬಾಲ್ಕನಿಯ ಬಸಳೆಗೆ ಮಲೆನಾಡಿನ ಮಣ್ಣೇಕೆ?

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಒಂದು ಬೇಡಿಕೆ ಮುಂದಿಟ್ಟಳು. "ಮಾವ, ರಾತ್ರಿ ಬಸ್ಸಿಗೆ ಎರಡು ಚೀಲ ಕಾಡುಮಣ್ಣು ಹಾಕಿ ಕಳಿಸ್ತೀರಾ? ಇಲ್ಲಿ ಮಣ್ಣಿಗೂ ದುಡ್ಡು ಕೊಡಬೇಕು." ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ಹೆಜ್ಜೆಗೆ ಮುಗಿಯುವ ಬಾಲ್ಕನಿ, ಅಲ್ಲಿ ಸೊಪ್ಪು ಬೆಳೆಯಬೇಕೆಂಬ ಆಸೆ ಅವಳದು. ನಾನು ಮಣ್ಣು ಕಳಿಸಲಿಲ್ಲ. ಅವಳಿಗೆ ಬೇಸರವಾಯಿತು. ಮನೆಯವರೂ "ಎರಡು ಚೀಲ ಮಣ್ಣಿಗೆ ಇಷ್ಟು ಜಿಪುಣತನವೇ" ಎಂದರು. ಆದುದರಿಂದ ನನ್ನ ವಾದವನ್ನು ಇಲ್ಲಿ ಬರೆದು ಮುಗಿಸುತ್ತಿದ್ದೇನೆ.

ನಗರದವರ ಕುಂಡದ ಬೇಸಾಯವನ್ನು ಕಂಡು ನಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಾನು ನಗುವವನಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟದ ಪ್ರಯತ್ನ ದಶಕಗಳಿಂದ ನಡೆದಿದೆ. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗದವರು 2011ರಿಂದ 'ಊಟ ಫ್ರಂ ಯುವರ್ ತೋಟ' ಎಂಬ ಮೇಳಗಳನ್ನೇ ನಡೆಸಿಕೊಂಡು ಬಂದಿದ್ದಾರೆ. ತಿನ್ನುವುದರಲ್ಲಿ ಹಿಡಿಯಷ್ಟನ್ನಾದರೂ ತಾನೇ ಬೆಳೆಯಬೇಕೆಂಬ ಹಂಬಲ ಗೌರವಾರ್ಹವಾದುದು. ಆದರೆ ಆ ಹಂಬಲದ ಬೆನ್ನಿಗೇ ಒಂದು ಮಾರುಕಟ್ಟೆ ಬೆಳೆದಿದೆ. ಮಣ್ಣಿನ ಚೀಲ, ಗೊಬ್ಬರದ ಚೀಲ, ಬೀಜದ ಪೊಟ್ಟಣ, ಪ್ಲಾಸ್ಟಿಕ್ ಕುಂಡ ಎಲ್ಲವೂ ಮನೆ ಬಾಗಿಲಿಗೆ ಬರುತ್ತವೆ. ಹೀಗೆ ಬೆಳೆದ ಒಂದು ಕಟ್ಟು ಪಾಲಕನ್ನು 'ಪರಿಸರಸ್ನೇಹಿ' ಎಂದು ಕರೆಯುವ ಮೊದಲು ಮಣ್ಣು ಎಲ್ಲಿಯದು, ನೀರು ಎಲ್ಲಿಯದು ಎಂದು ಕೇಳಲೇಬೇಕು.

ನರ್ಸರಿಗಳಲ್ಲಿ ಮಾರುವ ಕೆಂಪುಮಣ್ಣಿನ ಚೀಲದ ಮೇಲೆ ಅದು ಯಾವ ಗುಡ್ಡದ ಬುಡದ್ದೆಂದು ಬರೆದಿರುವುದನ್ನು ನಾನಂತೂ ಕಂಡಿಲ್ಲ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ನಮ್ಮ ಬೆಟ್ಟದಲ್ಲಿ ದರಕಿನ ಅಡಿಯಲ್ಲಿರುವ ಕರಿಮಣ್ಣು ಮಳೆನೀರನ್ನು ಹೀರಿ ಹಿಡಿದು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಟ್ಟುಕೊಡುವ ಸ್ಪಂಜು. ಅದನ್ನು ಕೆರೆದು ಚೀಲ ತುಂಬಿಸಿದರೆ ನಮ್ಮ ಹಳ್ಳ ಸೊರಗುತ್ತದೆ. ಕುಂಡದವರಿಗಾದರೂ ಅದರಿಂದ ಶಾಶ್ವತ ಲಾಭವಿದೆಯೇ? ಅದೂ ಇಲ್ಲ. ಕಾಡಿನಲ್ಲಿ ಆ ಮಣ್ಣು ಜೀವಂತವಾಗಿರುವುದು ಪ್ರತಿವರ್ಷ ಮೇಲಿನಿಂದ ಎಲೆ ಉದುರುವುದರಿಂದ. ಎಲೆ ಉದುರದ ಬಾಲ್ಕನಿಯಲ್ಲಿ ಅದರ ಸತ್ವ ಒಂದೆರಡು ವರ್ಷಗಳಲ್ಲಿ ಕರಗಿ, ಮಣ್ಣು ಕುಸಿದು ಗಟ್ಟಿಯಾಗುತ್ತದೆ. ಆಗ ಮತ್ತೆರಡು ಚೀಲ ಬೇಕು! ತೆಂಗಿನ ನಾರಿನ ಪುಡಿ ಇದಕ್ಕಿಂತ ಮೇಲು. ಹಗುರ, ನೀರು ಹಿಡಿಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಅದು ನಾರಿನ ಉದ್ಯಮದ ತ್ಯಾಜ್ಯ. ಆದರೆ ಅದರಲ್ಲಿ ಗಿಡಕ್ಕೆ ಆಹಾರವಿಲ್ಲ.

ಇನ್ನು ನೀರು. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿಯ ನೀರು ಕೊಡಗಿನ ಬೆಟ್ಟಗಳಲ್ಲಿ ಬಿದ್ದ ಮಳೆ. ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬರಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ನದಿಯನ್ನು ಕೊಡಲೊಲ್ಲದ ನಾವು ಮಣ್ಣನ್ನು ಮಾತ್ರ ನೆಂಟಸ್ತಿಕೆಯ ಹೆಸರಿನಲ್ಲಿ ಬಸ್ಸಿಗೆ ಹಾಕುವುದು ಎಂತಹ ನ್ಯಾಯ?

ಹಾಗಾದರೆ ಬಾಲ್ಕನಿಯವರು ಏನು ಮಾಡಬೇಕು? ಮಣ್ಣನ್ನು ಅಲ್ಲಿಯೇ ಹುಟ್ಟಿಸಬೇಕು. ಮನೆಯ ಕಸದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯ ಹಸಿಕಸ. ಅದೇ ಹಸಿಕಸ ಲಾರಿಯೇರಿ ಮಂಡೂರಿಗೆ ಹೋಗಿ ರಾಶಿಬಿದ್ದು ಕೊಳೆತು, ಅಲ್ಲಿನ ಗ್ರಾಮಸ್ಥರು ನೊಣ, ದುರ್ವಾಸನೆ, ಕೆಟ್ಟ ಅಂತರ್ಜಲಗಳನ್ನು ಸಹಿಸಲಾರದೆ ಬೀದಿಗಿಳಿದರು. 2014ರ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಗರದ ಹಸಿಕಸ ಹಳ್ಳಿಗೆ ಬರುವುದು, ಹಳ್ಳಿಯ ಮೇಲ್ಮಣ್ಣು ನಗರಕ್ಕೆ ಹೋಗುವುದು! ಇದಕ್ಕಿಂತ ಮೂರ್ಖ ವಿನಿಮಯ ಉಂಟೇ? ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ಒಂದು ಪದರ ಹಸಿಕಸ, ಒಂದು ಪದರ ಒಣ ಎಲೆ ಹಾಕುತ್ತಾ, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೆರಡು ಬಾರಿ ಕೆದಕಿದರೆ ಎರಡು-ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಒಣ ಎಲೆಗೆ ಬೆಂಗಳೂರಿನಲ್ಲಿ ಬರವೇ? ಬೀದಿಯ ಮಳೆಮರಗಳು ಉದುರಿಸಿದ ಎಲೆಗಳನ್ನು ಗುಡಿಸಿ ಬೆಂಕಿಯಿಡುವುದನ್ನು ಎಷ್ಟು ಬಾರಿ ನೋಡಿಲ್ಲ! ನೀರಿಗೂ ಹೊಸ ವಿದ್ಯೆ ಬೇಡ. ನಮ್ಮ ಅಜ್ಜಿಯಂದಿರು ಬಚ್ಚಲ ನೀರನ್ನು ಬಾಳೆಗೂ ಕೆಸುವಿಗೂ ಹರಿಸಿದವರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹತ್ತು ಕುಂಡಗಳಿಗೆ ಧಾರಾಳ.

ಏನು ಬೆಳೆಯಬಹುದೆಂಬುದನ್ನು ಬಿಸಿಲು ನಿರ್ಧರಿಸುತ್ತದೆ. ಟೊಮೆಟೊ, ಬದನೆಗಳಿಗೆ ಆರು ತಾಸು ನೇರ ಬಿಸಿಲು ಬೇಕು. ಎದುರಿನ ಕಟ್ಟಡ ಅಷ್ಟನ್ನು ಬಿಡುವುದು ಅಪರೂಪ. ಅದಕ್ಕಿಂತ ಕಡಿಮೆ ಬಿಸಿಲಿನಲ್ಲಿ ಬದುಕುವ ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ಇವೆ. ಬಸಳೆಯ ತುಂಡು ನೆಟ್ಟರೆ ಸಾಕು, ಕಂಬಿಯನ್ನೇ ಚಪ್ಪರವೆಂದು ಭಾವಿಸಿ ಹಬ್ಬುತ್ತದೆ. ಇದರಿಂದ ಕುಟುಂಬದ ಹೊಟ್ಟೆ ತುಂಬುತ್ತದೆಯೇ? ಇಲ್ಲ. ಅನ್ನವೂ ಬೇಳೆಯೂ ರೈತನ ಹೊಲದಿಂದಲೇ ಬರಬೇಕು. ವಾರಕ್ಕೊಂದು ತಂಬುಳಿ, ಒಂದು ಸಾರು, ಮತ್ತು ಮನೆಯಿಂದ ಹೊರಬೀಳದ ಹಸಿಕಸ. ಇಷ್ಟು ನಡೆದರೆ ಆ ಬಾಲ್ಕನಿ ಸಾರ್ಥಕ.

ಒಂದು ಮಾತು ನಮಗೂ ಇದೆ. ನಗರದವರಿಗೆ ಉಪದೇಶಿಸುವ ನಮ್ಮ ಹಿತ್ತಲುಗಳು ಹೇಗಿವೆ? ನಮ್ಮ ಊರಿನಲ್ಲಿ ಹರಿವೆಯ ಮಡಿಯಿದ್ದ ಜಾಗಕ್ಕೂ ಅಡಿಕೆ ಸಸಿ ಬಂದಿದೆ. ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ತರಕಾರಿಗೆ ಸಂತೆಯಲ್ಲಿ ಚೀಲ ಒಡ್ಡುತ್ತೇವೆ. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುತ್ತಿರುವುದರಿಂದ ಮರ್ಯಾದೆ ಒಂದಿಷ್ಟು ಉಳಿದಿದೆ. ಓದಲು ನಗರಕ್ಕೆ ಹೋಗುವ ವಿದ್ಯಾರ್ಥಿ ಮಿತ್ರರು ಬ್ಯಾಗಿನಲ್ಲಿ ಅಂತಹ ಒಂದು ಚಿಟಿಕೆ ಬೀಜ ಒಯ್ಯಲಿ. ಬೀಜ ಕೊಟ್ಟರೆ ಹೆಚ್ಚುತ್ತದೆ, ಮಣ್ಣು ಕೊಟ್ಟರೆ ಕಳೆಯುತ್ತದೆ.

ತಂಗಿಯ ಮಗಳಿಗೆ ಅದೇ ರಾತ್ರಿ ಬಸ್ಸಿನಲ್ಲಿ ಬಸಳೆಯ ತುಂಡುಗಳನ್ನೂ ಒಂದೆಲಗದ ಬಳ್ಳಿಯನ್ನೂ ಹಸಿ ಅಡಿಕೆ ಹಾಳೆಯಲ್ಲಿ ಸುತ್ತಿ ಕಳಿಸಿದೆ. ಮೊದಲ ಬಕೆಟ್ ನಾರಿತಂತೆ. ನೀರು ಹೆಚ್ಚಾಗಿತ್ತು, ಒಣ ಎಲೆ ಸಾಲದಾಗಿತ್ತು. "ಹಾಗಾದರೆ ಬರುವಾಗ ಒಂದು ಚೀಲ ದರಕು ತನ್ನಿ ಮಾವ" ಎಂದಳು. ಅದನ್ನೂ ನಿನ್ನ ಬೀದಿಯಲ್ಲೇ ಗುಡಿಸಿಕೋ ಎಂದಿದ್ದೇನೆ.